ಆರನೆಯ ಸ್ಕ್ರೂ

ಅವರ ಬಲಗೈ ಹೆಬ್ಬೆರಳಿನ ಉಗುರು ಮಿಕ್ಕ ಒಂಬತ್ತರ ಹಾಗಿರಲಿಲ್ಲ. ಒಂಬತ್ತನ್ನೂ ಮಾಂಸಕ್ಕೆ ತಾಗುವ ಹಾಗೆ ಕತ್ತರಿಸಿರುತ್ತಿದ್ದರು. ಹೆಬ್ಬೆರಳಿನದನ್ನು ಮಾತ್ರ ಅಕ್ಕಿಕಾಳಿನ ದಪ್ಪದಷ್ಟು ಬಿಟ್ಟುಕೊಂಡು, ಅಂಚನ್ನು ಒಗೆಯುವ ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿಕೊಂಡಿದ್ದರು. ಬಿಡುವಾದಾಗ ಕಿಟಕಿಯ ಬಳಿ ಕೂತು, ಮೂಳೆಗೆ ಹಾಕುವ ಸ್ಕ್ರೂಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಆ ಉಗುರನ್ನು ಸುತ್ತುಗಳ ಮೇಲೆ ತಲೆಯಿಂದ ತುದಿಯವರೆಗೆ ಎಳೆಯುತ್ತಿದ್ದರು. ಕರ್ರ್ ಎಂದು ಸಣ್ಣ ಸದ್ದು. ಸದ್ದು ಎಲ್ಲಾದರೂ ತಡವರಿಸಿದರೆ ಆ ಸ್ಕ್ರೂ ಕಸದ ಬುಟ್ಟಿಗೆ. "ಕಣ್ಣು ಮೋಸ ಹೋಗುತ್ತೆ ಕಣಮ್ಮ, ಉಗುರು ಹೋಗಲ್ಲ" ಎನ್ನುತ್ತಿದ್ದರು.

ಆ ಉಗುರು ಹೇಳಿದ್ದನ್ನು ಅವರು ಕೇಳದೇ ಹೋದದ್ದು ಒಂದೇ ಒಂದು ಸಲ. ಆ ಸಲದ ಸ್ಕ್ರೂ ನನ್ನ ಬಲಗಾಲಿನೊಳಗೆ ಹೋಯಿತು.

ನಂಜನಗೂಡಿನ ಬಸ್ ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಹತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಮ್ ಇತ್ತು. ಈಗ ಇಲ್ಲ. ಅಲ್ಲಿನ ಆಪರೇಷನ್ ಥಿಯೇಟರಿಗೆ ಇವರೊಬ್ಬರೇ ಸಿಸ್ಟರು. ಮೂಳೆ ಡಾಕ್ಟರು ವಾರಕ್ಕೆ ಎರಡು ದಿನ ಮೈಸೂರಿನಿಂದ ಬಂದು ಕೆಲಸ ಮುಗಿಸಿ ಹೋಗುತ್ತಿದ್ದರು. ಮಿಕ್ಕ ದಿನ ಥಿಯೇಟರು ಸಿಸ್ಟರ ರಾಜ್ಯ. ರೋಗಿಗಳು, ಡಾಕ್ಟರು, ಎದುರಿನ ಹೂವಿನವಳು, ಕೊನೆಗೆ ಅವರ ಒಡಹುಟ್ಟಿದ ತಂಗಿ ಕೂಡ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ವರ್ಷಗಟ್ಟಲೆ ಬಳಕೆಯಿದ್ದರೂ ನಾನು ಒಂದು ದಿನವೂ ಹೆಸರು ಹಿಡಿದವಳಲ್ಲ. ಇಲ್ಲೂ ಹಿಡಿಯುವುದಿಲ್ಲ.

ಊರು ಬದನವಾಳು. ತಾಯಿ ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದವರು. "ಎಳೆ ಕಿತ್ತೋಗೋ ಮುಂಚೇನೇ ನಮ್ಮವ್ವನ ಬೆರಳಿಗೆ ಗೊತ್ತಾಗ್ತಿತ್ತು" ಎಂದು ಸಿಸ್ಟರು ಹೇಳುತ್ತಿದ್ದರು. ಮದುವೆ ಆಗಿರಲಿಲ್ಲ. ರಜೆಯ ದಿನ ಬಿಳಿ ಖಾದಿ ಸೀರೆ, ಕೆಲಸದ ದಿನ ಅದಕ್ಕಿಂತ ಬಿಳಿಯ ಸಮವಸ್ತ್ರ. ಮನೆಯಲ್ಲಿ ಉಪ್ಪನ್ನು ಜಾಡಿಯಲ್ಲಲ್ಲದೆ ಯಾವ ಲೋಹದ ಡಬ್ಬದಲ್ಲೂ ಇಡುತ್ತಿರಲಿಲ್ಲ. ಹಿತ್ತಾಳೆ ಪಾತ್ರೆಯಲ್ಲಿ ಕಬ್ಬಿಣದ ಸೌಟು ಬಿಟ್ಟವರನ್ನು ಕಂಡರೆ ಮಗುವನ್ನು ಬಾವಿಕಟ್ಟೆಯ ಮೇಲೆ ಬಿಟ್ಟವರನ್ನು ಕಂಡ ಹಾಗೆ ಗಾಬರಿಯಾಗುತ್ತಿದ್ದರು. ಬಸ್ಸಿನಲ್ಲಿ ಕೂತರೂ ಕಿಟಕಿಯ ಸರಳನ್ನು ಕೆರೆದು ನೋಡಿ, "ತುಕ್ಕಿನ ಮೇಲೇ ಬಣ್ಣ ಹೊಡ್ದವ್ರೆ ನೋಡಿ" ಎಂದು ಪಕ್ಕದವರಿಗೆ ದೂರು ಹೇಳುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಾನು ರೇಷ್ಮೆ ಇಲಾಖೆಯಲ್ಲಿದ್ದೆ. ಮನೆ ತಿರುಮಕೂಡಲು ನರಸೀಪುರದಲ್ಲಿ, ಅಮ್ಮನ ಜೊತೆ. ಕೆಲಸ ಹುಲ್ಲಹಳ್ಳಿ ಕಡೆಯ ಹಿಪ್ಪುನೇರಳೆ ತೋಟಗಳಲ್ಲಿ. ಒಂದು ಬೆಳಿಗ್ಗೆ ಸಹೋದ್ಯೋಗಿಯೊಬ್ಬರ ಮೊಪೆಡ್ಡಿನ ಹಿಂದೆ ಕೂತು ನಾಲೆಯ ಏರಿಯ ಮೇಲೆ ಹೋಗುವಾಗ ಚಕ್ರ ಜಾರಿತು. ಅವರಿಗೆ ತರಚು ಗಾಯ, ನನ್ನ ಬಲ ಮೊಣಕಾಲ ಕೆಳಗಿನ ಮೂಳೆ ಎರಡು ತುಂಡು. ಹುಳುಮನೆಗೆಂದು ತೊಡೆಯ ಮೇಲಿಟ್ಟುಕೊಂಡಿದ್ದ ಸುಣ್ಣದ ಪುಡಿಯ ಚೀಲ ಒಡೆದು ಮೈಯೆಲ್ಲ ಬೆಳ್ಳಗಾಗಿತ್ತು. ಗದ್ದೆಯಿಂದ ಓಡಿ ಬಂದವರು ನನ್ನನ್ನು ಹೆಣವೆಂದೇ ತಿಳಿದರಂತೆ.

ಮಾರನೆಯ ದಿನವೇ ಆಪರೇಷನ್. ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದ್ದರು, ಎಚ್ಚರ ಇತ್ತು. ಎದೆಯ ಮೇಲೆ ಹಸಿರು ಬಟ್ಟೆಯ ಪರದೆ. ಮೊದಲೇ ನಾನು ಹೆದರುಪುಕ್ಕಲಿ, ಕಾಣದಿದ್ದರೇನು, ಕೇಳುತ್ತಿತ್ತಲ್ಲ. ಉದ್ದನೆಯ ಸ್ಟೀಲಿನ ಪಟ್ಟಿ, ಅದಕ್ಕೆ ಎಂಟು ತೂತು, ಎಂಟು ಸ್ಕ್ರೂ. ಸಿಸ್ಟರು ಒಂದೊಂದನ್ನೂ ಡಾಕ್ಟರ ಕೈಗೆ ಕೊಡುವಾಗ ಗಟ್ಟಿಯಾಗಿ ಎಣಿಸುತ್ತಿದ್ದರು. ನಾನೂ ಅವರ ಜೊತೆ ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದೆ. ಐದರ ನಂತರ ಎಣಿಕೆ ನಿಂತಿತು.

"ಈ ಅಳತೇದು ಖಾಲಿ ಸರ್" ಎಂದರು ಸಿಸ್ಟರು.

"ಇನ್ನೊಂದು ಡಬ್ಬೀಲಿ ನೋಡಿ."

"ಅದು ಧರ್ಮದ ಡಬ್ಬಿ ಸರ್."

"ಕುದಿಸಿಟ್ಟಿದ್ದೀರಿ ತಾನೆ? ಕೊಡಿ ಸಿಸ್ಟರ್, ಬೇಗ."

ಡಬ್ಬಿಯ ಮುಚ್ಚಳದ ಸದ್ದು. ಆಮೇಲೆ ತುಂಬ ಹೊತ್ತೆನಿಸುವಷ್ಟು ಏನೂ ಇಲ್ಲ. ಡಾಕ್ಟರು ಇನ್ನೊಮ್ಮೆ "ಸಿಸ್ಟರ್" ಎಂದರು. "ಆರು" ಎಂದರು ಸಿಸ್ಟರು. ದನಿ ತಗ್ಗಿತ್ತು. ಏಳು, ಎಂಟು ಬೇರೆ ಅಳತೆಯವಿರಬೇಕು, ಮತ್ತೆ ಸರಾಗವಾಗಿ ಬಂದವು.

ಧರ್ಮದ ಡಬ್ಬಿಯ ವಿಷಯ ನನಗೆ ವಾರ್ಡಿನಲ್ಲಿ ತಿಳಿಯಿತು. ಮೂಳೆ ಕೂಡಿದ ಮೇಲೆ ಒಳಗಿನ ಪಟ್ಟಿಯನ್ನು ತೆಗೆದು ರೋಗಿಯ ಕೈಗೆ ಕೊಡುತ್ತಿದ್ದರು. ಮೈಯೊಳಗಿದ್ದ ಲೋಹವನ್ನು ಮನೆಯಲ್ಲಿಡಲು ಜನಕ್ಕೆ ಮನಸ್ಸಾಗದು, ಎಸೆಯಲೂ ಆಗದು. ಕೆಲವರು ಹರಕೆಯ ಬೆಳ್ಳಿ ಕಾಲಿನ ಜೊತೆ ಅದನ್ನೂ ದೇವರ ಹುಂಡಿಗೆ ಹಾಕಿ ಬರುತ್ತಿದ್ದರು. ಇನ್ನು ಕೆಲವರು, ಕೊಳ್ಳಲಾಗದ ಯಾರಿಗಾದರೂ ಆಗಲಿ ಎಂದು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ನರ್ಸಿಂಗ್ ಹೋಮಿಗೇ ಕೊಡುತ್ತಿದ್ದರು. ಆ ಗಂಟುಗಳೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ. ಸಿಸ್ಟರು ಗಂಟು ಗಂಟನ್ನೂ ಬೇರೆಯಾಗಿಯೇ ಇಟ್ಟು, ಮೇಲೆ ಕೊಟ್ಟವರ ಊರು ಬರೆಯುತ್ತಿದ್ದರು. ಆ ಕಾಲಕ್ಕೆ ಅದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ, ಪುಣ್ಯವೆಂದೇ ತಿಳಿದಿದ್ದರು.

ಒಂದು ಮಧ್ಯಾಹ್ನ ನೋವಿಗೆ ಅಳುತ್ತಿದ್ದಾಗ ಸಿಸ್ಟರು ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. "ಆ ಕಣ್ಣೀರು ನೆಕ್ಕಿ ನೋಡಿ. ಉಪ್ಪಲ್ವಾ? ಒಳಗೆಲ್ಲ ಅದೇ ಕಣಮ್ಮ. ಬೆಚ್ಚಗಿರೋ ಉಪ್ಪುನೀರು. ಕಬ್ಬಿಣದ ಮೊಳೇನ ಉಪ್ಪಿನಕಾಯಿ ಜಾಡಿಗೆ ಹಾಕಿಟ್ರೆ ಏನಾಗುತ್ತೆ ಹೇಳಿ?"

"ತುಕ್ಕು ಹಿಡಿಯುತ್ತೆ."

"ಈ ಸ್ಟೀಲಿಗೆ ಹಿಡಿಯಲ್ಲ. ಇದರ ಮೇಲೆ ಒಂದು ಪೊರೆ ಇದೆ. ನಿಮ್ಮ ಕಣ್ಣಿಗೂ ಕಾಣಲ್ಲ, ನನ್ನ ಕಣ್ಣಿಗೂ ಕಾಣಲ್ಲ. ಗೀಚಿದ್ರೂ ತಾನೇ ಮತ್ತೆ ಕಟ್ಕೊಳುತ್ತೆ. ಪಕ್ಕದಲ್ಲಿ ಬೇರೆ ಥರದ ಲೋಹ ಬಂದು ತಗುಲ್ಕೋಬಾರ್ದು, ಅಷ್ಟೇ. ಆಗ ಒಂದನ್ನ ಇನ್ನೊಂದು ತಿನ್ನುತ್ತೆ." ನನಗೆ ಧೈರ್ಯ ಹೇಳಲು ಬಂದವರು ತಾವೇ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದದ್ದು ನನಗೆ ವಿಚಿತ್ರವಾಗಿ ಕಂಡಿತು.

ಮನೆಗೆ ಬಂದ ಮೇಲೆ ಅವರ ಭೇಟಿ ಶುರುವಾಯಿತು. ಎರಡು ವಾರಕ್ಕೊಮ್ಮೆ, ಭಾನುವಾರ, ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸಿನಲ್ಲಿ. ಕೈಯಲ್ಲಿ ಒಂದು ಚಿಪ್ಪು ರಸಬಾಳೆ. ಬಂದವರೇ ನನ್ನ ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಗಾಯದ ಗೆರೆಯುದ್ದಕ್ಕೂ ಒತ್ತುತ್ತಿದ್ದರು. ಹೆಬ್ಬೆರಳು ಎಲ್ಲ ಕಡೆ ಓಡಾಡಿ, ಕೆಳಗಿನಿಂದ ಮೂರನೆಯ ಜಾಗಕ್ಕೆ ಬಂದು ನಿಲ್ಲುತ್ತಿತ್ತು.

"ಇಲ್ಲಿ ಬಿಸಿ ಅನ್ಸುತ್ತಾ?"

"ಇಲ್ಲ ಸಿಸ್ಟರ್."

"ಬಾಯಲ್ಲಿ ಕಬ್ಬಿಣ ನೆಕ್ಕಿದ ಹಂಗೆ ರುಚಿ ಬರುತ್ತಾ?"

ಅಲ್ಲಿಯವರೆಗೆ ಬಂದಿರಲಿಲ್ಲ. ಅವರು ಕೇಳಿದ ಮಾರನೆಯ ದಿನದಿಂದ ಬರತೊಡಗಿತು. ಅನ್ನ ತಿಂದರೂ ಕಬ್ಬಿಣ, ಹಾಲು ಕುಡಿದರೂ ಕಬ್ಬಿಣ. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕಾಲನ್ನು ಮೂಸಿ ನೋಡುತ್ತಿದ್ದೆ. ಹುಳು ಸಾಕುವವರಿಗೆ ಗೊತ್ತು, ಒಂದು ತಟ್ಟೆಯಲ್ಲಿ ಒಂದೇ ಒಂದು ಹುಳು ಮೇವು ಬಿಟ್ಟು ತಲೆ ಎತ್ತಿ ನಿಂತರೂ ಮಿಕ್ಕ ಸಾವಿರ ಹುಳು ಚೆನ್ನಾಗಿರುವುದು ಕಣ್ಣಿಗೆ ಬೀಳುವುದಿಲ್ಲ. ಆ ಕೆಳಗಿನಿಂದ ಮೂರನೆಯ ಜಾಗ ನನಗೆ ಹಾಗಾಯಿತು. ಕೆಳಗಿನಿಂದ ಮೂರು ಎಂದರೆ ಮೇಲಿನಿಂದ ಆರು ಎಂದು ಲೆಕ್ಕ ಹಾಕಿಕೊಂಡ ದಿನದಿಂದ ಊಟ ಸೇರಲಿಲ್ಲ.

ಅಮ್ಮನ ಲೆಕ್ಕವೇ ಬೇರೆ. "ಅವ್ಳ ತಂಗಿ ಮಗ ಬಸ್ ಕಂಡಕ್ಟ್ರಂತೆ. ಸುಮ್ಸುಮ್ನೆ ಬಾಳೆಅಣ್ಣು ತರೋಕೆ ಅವ್ಳಿಗೇನು ಉಚ್ಚಾ? ಕಾಲು ಸರ್ಯಾಗದಾ ಅಂತ ಪರೀಕ್ಷೆ ಮಾಡ್ಕಂಡು ಓಯ್ತಾವ್ಳೆ" ಎಂದು ನಗುತ್ತಿದ್ದಳು. ಒಂದು ಭಾನುವಾರ ಸಿಸ್ಟರು ಕರವಸ್ತ್ರದಲ್ಲಿ ಸುತ್ತಿದ್ದ ಏನನ್ನೋ ತೆಗೆದು, ನನ್ನ ಕಾಲಿನ ಮೇಲೆ ಮೆಲ್ಲಗೆ ಆಡಿಸಿದರು. ಕೆಟ್ಟ ರೇಡಿಯೋ ಸ್ಪೀಕರಿನ ಹಿಂಬದಿಯ ಆಯಸ್ಕಾಂತ. ಅಮ್ಮ ಅದನ್ನು ದೃಷ್ಟಿ ತೆಗೆಯುವ ಯಾವುದೋ ಕ್ರಮವೆಂದುಕೊಂಡು ಕೈಮುಗಿದು ನಿಂತಳು. ನಾನು ಏನೆಂದು ಕೇಳಿದ್ದಕ್ಕೆ ಸಿಸ್ಟರು, "ಸುಮ್ನೆ ಕಣಮ್ಮ" ಎಂದು ಸೆರಗಿನಲ್ಲಿ ಕಟ್ಟಿಕೊಂಡರು.

ಎಂಟನೆಯ ತಿಂಗಳಲ್ಲಿ ಆ ಜಾಗ ನಿಜವಾಗಿಯೂ ಊದಿಕೊಂಡಿತು. ಮುಟ್ಟಿದರೆ ಬಿಸಿ. ಅಮ್ಮನಿಗೆ ಹೇಳದೆ ಊರುಗೋಲು ಹಿಡಿದು ನಂಜನಗೂಡಿನ ಬಸ್ಸು ಹತ್ತಿದೆ. ಥಿಯೇಟರಿನ ಹಿಂದಿನ ಕೋಣೆಯಲ್ಲಿ ಸಿಸ್ಟರು ಬಟ್ಟೆ ಮಡಿಸುತ್ತಿದ್ದರು. ಕಾಲನ್ನು ಅವರ ಮುಂದೆ ಚಾಚಿ ಕೇಳಿಯೇಬಿಟ್ಟೆ. "ಸಿಸ್ಟರ್, ಆರನೆಯದು ಯಾವುದು?"

ಮಡಿಸುತ್ತಿದ್ದ ಬಟ್ಟೆ ಅವರ ಮಡಿಲಲ್ಲೇ ಉಳಿಯಿತು. "ಎಣಿಸ್ಕೊಂಡಿದ್ರಾ?" ಎಂದರು.

"ಎಣಿಸಿಕೊಂಡಿದ್ದೆ."

ಆಗ ಎಲ್ಲ ಹೇಳಿದರು. ಅದು ಬನ್ನೂರಿನ ಗಂಟಿನದು. ಕೈಗವಸಿನೊಳಗಿದ್ದರೂ ಅವರ ಉಗುರಿಗೆ ಸುತ್ತು ಒರಟಾಗಿ ತಾಗಿತ್ತು. ಡಾಕ್ಟರು ಕೈ ಚಾಚಿದ್ದರು, ಮೂಳೆ ತೆರೆದಿತ್ತು, ಬೇರೆ ಇರಲಿಲ್ಲ. "ಉಗುರು ಬೇಡ ಅಂತು. ನಾನು ಕೊಟ್ಟೆ" ಎಂದರು. ಅವರಿಗೆ ನಿದ್ದೆ ಬರಲಿಲ್ಲವಂತೆ. ಆ ವಾರವೇ ಬನ್ನೂರಿಗೆ ಹೋಗಿ, ಗಂಟು ಕೊಟ್ಟಿದ್ದ ಹಿರಿಯರನ್ನು ಹುಡುಕಿದ್ದರು. ಕಬ್ಬಿನ ಗದ್ದೆಯ ಯಜಮಾನರು. ಮಗನ ಕಾಲಿನಿಂದ ತೆಗೆದ ಪಟ್ಟಿ ಅದು. ಸಿಸ್ಟರು ಏನನ್ನೂ ಬಿಡಿಸಿ ಹೇಳದೆ, ಎಂಟೂ ಸ್ಕ್ರೂ ಆ ಕಾಲಿನಿಂದ ತೆಗೆದವೇ ತಾನೆ ಎಂದು ಮಾತ್ರ ಕೇಳಿದ್ದರು. ಮುದುಕರು ಹಿಗ್ಗಿನಿಂದಲೇ ಹೇಳಿದರಂತೆ: "ಮನೆಗ್ ತರೋವಷ್ಟ್ರಲ್ಲಿ ಒಂದ್ ಎಲ್ಲೋ ಬಿದ್ದೋಗಿತ್ತು ಸಿಸ್ಟರಮ್ಮ. ದಾನ ಕೊಡೋದ ಊನವಾಗ್ ಕೊಟ್ಟಾರಾ? ಲೇತ್ ಅಂಗ್ಡಿಯವ್ನ್ ಮುಂದೆ ಕೂತ್ಕಂಡು, ಅಂಗೇ ಅಚ್ಚು ಒಯ್ದಂಗೆ ಒಂದ ಮಾಡುಸ್ಕಂಡ್ ಬಂದೆ. ಸ್ಟೀಲ್ದೇಯ. ಯಾರ್ಗಾಯ್ತು ಅದು?"

ಸಿಸ್ಟರು ಉತ್ತರ ಕೊಡದೆ ಎದ್ದು ಬಂದಿದ್ದರು. ಗಂಟಿನಲ್ಲಿ ಉಳಿದಿದ್ದ ಏಳಕ್ಕೂ ಆಯಸ್ಕಾಂತ ಹಿಡಿದರು. ಮೂಳೆಗೆ ಹಾಕುವ ಸ್ಟೀಲು ಆಯಸ್ಕಾಂತಕ್ಕೆ ಅಂಟುವುದಿಲ್ಲ. ಏಳರಲ್ಲಿ ಒಂದೂ ಅಂಟಲಿಲ್ಲ. ಹಾಗಾದರೆ ಲೇತಿನವನು ಮಾಡಿದ್ದು ನನ್ನ ಕಾಲಿನಲ್ಲಿದೆ. ಇಲ್ಲವೇ ಲೇತಿನವನಿಗೂ ಆಯಸ್ಕಾಂತಕ್ಕೆ ಅಂಟದ ಸ್ಟೀಲೇ ಸಿಕ್ಕಿ, ಅದು ಆ ಏಳರಲ್ಲೇ ಇದೆ. ಅಂದು ನನ್ನ ಕಾಲಿನ ಮೇಲೆ ಆಯಸ್ಕಾಂತ ಆಡಿಸಿದ್ದು ಅದಕ್ಕೇ. "ಎಳೆದ ಹಂಗೂ ಇತ್ತು, ಎಳೀದೇ ಇದ್ದ ಹಂಗೂ ಇತ್ತು. ನನ್ನ ಕೈ ನಡುಕಾನೋ ಏನೋ" ಎಂದರು. ಡಾಕ್ಟರಿಗೆ ಅವರು ಮೊದಲ ವಾರವೇ ಹೇಳಿದ್ದರು. ಮೂಳೆ ಕೂಡುವ ತನಕ ಏನನ್ನೂ ಬಿಚ್ಚುವಂತಿಲ್ಲ, ಮತ್ತೆ ಕೊಯ್ದು ಕೀವಾದರೆ ಕಾಲೇ ಹೋಗಬಹುದು, ಈಗಲೇ ಹೆದರಿಸಬೇಡಿ, ಕಣ್ಣಿಟ್ಟಿರಿ ಎಂದಿದ್ದರು ಡಾಕ್ಟರು. ಕಣ್ಣಿಡುವುದಕ್ಕೇ ಆ ಭಾನುವಾರಗಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಂಟು ತಿಂಗಳು ಬಾಳೆಹಣ್ಣು ತಿನ್ನಿಸಿ ಬಾಯಿ ಮುಚ್ಚಿಕೊಂಡಿದ್ದರಲ್ಲ ಎಂದು ಅಲ್ಲೇ ಅತ್ತೆ. ಅವರು ಎದ್ದು ಮೈಸೂರಿನ ಡಾಕ್ಟರಿಗೆ ಫೋನು ಮಾಡಿ, ಅವತ್ತೇ ನನ್ನನ್ನು ಎಕ್ಸ್‌ರೇಗೆ ಕೂರಿಸಿದರು. ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದೆವು. ಏಳು ಸ್ಕ್ರೂಗಳ ಅಂಚು ಮೂಳೆಗೆ ಅಂಟಿಕೊಂಡಂತೆ ಬಿಳಿಯಾಗಿತ್ತು. ಆರನೆಯದರ ಸುತ್ತ ಕೂದಲೆಳೆಯಷ್ಟು ಕಪ್ಪು. ಮೂಳೆಯ ಬಿರುಕು ಮುಕ್ಕಾಲು ಪಾಲು ಕೂಡಿತ್ತು, ಕಾಲು ಪಾಲು ಬಾಕಿ.

ಡಾಕ್ಟರ ತೀರ್ಮಾನ ಸರಳವಾಗಿತ್ತು. ಕೀವಿಲ್ಲ, ಜ್ವರವಿಲ್ಲ, ಕಾಯೋಣ. ಮೂಳೆ ಗೆದ್ದರೆ ತೆಗೆಯೋಣ, ಅದಕ್ಕೆ ಮೊದಲು ತುಕ್ಕು ಗೆದ್ದರೆ ಆಗ ನೋಡೋಣ. ಅವರು ಹೇಳಿ ಕಾರು ಹತ್ತಿದರು. ಕಾಯಬೇಕಾದವರು ನಾವು.

ಅಮ್ಮನಿಗೆ ವಿಷಯ ತಿಳಿದ ಭಾನುವಾರ ಸಿಸ್ಟರು ಬಾಗಿಲಲ್ಲೇ ನಿಂತರು. "ನನ್ ಮಗಳ್ ಕಾಲ್ಗೆ ಲೇತ್ ಅಂಗ್ಡಿ ಮೊಳೆ ಒಡ್ದುಬುಟ್ಟು, ಈಗ ಅಣ್ಣು ತಕಂಡ್ ಬಂದಿದ್ದೀರಾ?" ಎಂದಳು ಅಮ್ಮ. ಸಿಸ್ಟರು ಹಣ್ಣನ್ನು ಜಗುಲಿಯ ಮೇಲಿಟ್ಟು, "ಬೈರಿ, ಬೈದಾದ ಮೇಲೆ ಕಾಲು ನೋಡ್ಕೊಂಡು ಹೋಗ್ತೀನಿ" ಎಂದರು. ಅಮ್ಮ ಬೈದಳು. ಮನಸ್ಸು ತಣಿಯುವಷ್ಟು ಬೈದಳು. ಸಿಸ್ಟರು ಬಿಸಿಲಿನಲ್ಲಿ ನಿಂತೇ ಕೇಳಿದರು. ಆಮೇಲೆ ಅಮ್ಮನೇ ಚಾಪೆ ತಂದು ಹಾಸಿದಳು. ಅಂದಿನಿಂದ ಅವರು ವಾರ ವಾರವೂ ಬಂದರು.

ಆರು ತಿಂಗಳು ಹಾಗೆ ಕಳೆದವು. ಮೂಳೆ ಕೂಡಲೆಂದು ನಾನು ರಾಗಿ, ಮೊಳಕೆ, ಸೊಪ್ಪು ಎಂದು ಹುಳುವಿನ ಹಾಗೆ ಮೇಯುತ್ತಿದ್ದೆ. ಉಪ್ಪು ಕಡಿಮೆ ಮಾಡಿದರೆ ಒಳಗಿನ ನೀರು ಸಿಹಿಯಾದೀತೇನೋ ಎಂದು ಸಪ್ಪೆ ಊಟ ಶುರು ಮಾಡಿದ್ದೆ. ಸಿಸ್ಟರಿಗೆ ಗೊತ್ತಾಗಿ, "ಅಳೋದು ಕಡಿಮೆ ಮಾಡಿ, ಉಪ್ಪು ತಿನ್ನಿ" ಎಂದು ಗದರಿದರು. ಅವರು ಗದರಿದ ದಿನ ನನಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ಅವರು ಮೃದುವಾಗಿ ಮಾತಾಡಿದ ದಿನ ಏನನ್ನೋ ಬಚ್ಚಿಡುತ್ತಿದ್ದಾರೆಂದು ಹೆದರಿಕೆ. ಆದರೆ ಅವರು ಮತ್ತೆಂದೂ ಬಚ್ಚಿಡಲಿಲ್ಲ. ತಿಂಗಳಿಗೊಂದು ಫಿಲ್ಮು ಬಂದಾಗ ಮೊದಲು ನನ್ನ ಕೈಗೇ ಕೊಡುತ್ತಿದ್ದರು. ಬಿರುಕು ಸಣ್ಣದಾಗುತ್ತ ಹೋಯಿತು, ಕಪ್ಪು ಗೆರೆ ಅಗಲವಾಗುತ್ತ ಹೋಯಿತು.

ಹದಿನಾಲ್ಕನೆಯ ತಿಂಗಳಲ್ಲಿ ಮೂಳೆ ಗೆದ್ದಿತು. ಮತ್ತೆ ಅದೇ ಹಸಿರು ಪರದೆ. ಈ ಸಲ ಸಿಸ್ಟರು ಎಂಟರಿಂದ ಹಿಂದಕ್ಕೆ ಎಣಿಸಿದರು. ಎಂಟು, ಏಳು. ಆರನೆಯದಕ್ಕೆ ತಿರುಪುಳಿ ತಿರುಗಿಸಬೇಕಾಗಿಯೇ ಬರಲಿಲ್ಲ. ಇಕ್ಕಳಕ್ಕೆ ಹಾಗೇ ಕಿತ್ತು ಬಂತು. "ಆರು" ಎಂದವರು ಪರದೆಯ ಮೇಲಿಂದ ಬಗ್ಗಿ ಅದನ್ನು ನನಗೆ ತೋರಿಸಿದರು. ಡಾಕ್ಟರು ಬೇಡ ಎನ್ನುತ್ತಿದ್ದರೂ ತೋರಿಸಿದರು. ಕುತ್ತಿಗೆಯ ಸುತ್ತ ಕಪ್ಪು ಬಳೆ. ಸುತ್ತುಗಳು ಇಲಿ ಕಡಿದ ಹಾಗೆ. ಅದು ಕೂತಿದ್ದ ಕಡೆ ಮಾಂಸವೆಲ್ಲ ಕಾಡಿಗೆ ಬಣ್ಣವಾಗಿತ್ತಂತೆ, ಕೆರೆದು ತೆಗೆದರು. ಪಟ್ಟಿಯ ಆರನೆಯ ತೂತಿನ ಅಂಚೂ ಸಣ್ಣ ಸಣ್ಣ ಗುಳಿ ಬಿದ್ದು ತಿಂದುಹೋಗಿತ್ತು. ಇನ್ನು ಮೂರು ನಾಲ್ಕು ತಿಂಗಳು ಬಿಟ್ಟಿದ್ದರೆ ಮೂಳೆಗೂ ಇಳಿಯುತ್ತಿತ್ತೆಂದರು ಡಾಕ್ಟರು.

ಅಮ್ಮ ಪಟ್ಟಿಯನ್ನೂ ಸ್ಕ್ರೂಗಳನ್ನೂ ಬೆಳ್ಳಿ ಕಾಲಿನ ಜೊತೆ ಹುಂಡಿಗೆ ಹಾಕುವ ಹರಕೆ ಹೊತ್ತಿದ್ದಳು. ಗಂಟು ಕಟ್ಟುವಾಗ ಆರನೆಯದನ್ನು ಬೆರಳ ತುದಿಯಲ್ಲಿ ಹಿಡಿದು, "ಇದ ದೇವ್ರಿಗ್ ಆಕಕಾಯ್ತದಾ? ಸಿಸ್ಟರಮ್ಮ, ಇದೊಂದ ನೀವೇ ಇಟ್ಕಳಿ" ಎಂದಳು. ಅವರು ಅದನ್ನು ಇಂಜೆಕ್ಷನ್ನಿನ ಖಾಲಿ ಸೀಸೆಯಲ್ಲಿ ಉಪ್ಪುನೀರು ತುಂಬಿ ಹಾಕಿದರು, ಜೊತೆಗೆ ಒಂದು ಒಳ್ಳೆಯ ಸ್ಕ್ರೂ. ಥಿಯೇಟರಿನ ಕಿಟಕಿಯಲ್ಲಿ ಅದು ಅವರ ನಿವೃತ್ತಿಯವರೆಗೂ ಇತ್ತು. ನೀರು ಕಂದಾಗುತ್ತ ಹೋದರೂ ಒಳ್ಳೆಯದು ಥಳಥಳ ಎನ್ನುತ್ತಲೇ ಇತ್ತು. ಹೊಸದಾಗಿ ಬಂದ ನರ್ಸುಗಳಿಗೆ ಮೊದಲ ಪಾಠ ಆ ಸೀಸೆಯದೇ. ಧರ್ಮದ ಡಬ್ಬಿಯನ್ನು ಅವರು ಗುಜರಿಗೂ ಹಾಕಲಿಲ್ಲ. ಮತ್ತೆ ಯಾರ ಮೈಗಾದರೂ ಹೋದೀತೆಂದು ಹಿತ್ತಲಿನಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಹೂತರು.

ಅದಾದ ನಾಲ್ಕು ತಿಂಗಳಿಗೆ ಬನ್ನೂರಿನ ಯಜಮಾನರಿಂದ ಹೇಳಿಕೆ ಬಂತು. ಮುದುಕರು ಹಾಸಿಗೆ ಹಿಡಿದಿದ್ದರು. ತಾವು ಕೊಟ್ಟ ದಾನ ಯಾರಿಗಾಯಿತೆಂದು ಕೇಳುತ್ತಲೇ ಇದ್ದಾರೆ, ಒಂದು ಸಲ ಬಂದು ಹೇಳಿ ಹೋಗಿ ಎಂದು ಮಗ ಸುದ್ದಿ ಕಳಿಸಿದ್ದ. ಸಿಸ್ಟರು ನಮ್ಮ ಮನೆಗೆ ಬಂದು ನನ್ನನ್ನು ಕರೆದರು. ನನಗೆ ಒಳಗೊಳಗೇ ಉರಿಯಿತು. ನನ್ನ ಕಾಲನ್ನು ತಿಂದ ಸ್ಕ್ರೂವಿಗೆ ನಾನೇ ಹೋಗಿ ವಂದನೆ ಹೇಳಬೇಕೇ ಎಂದೆ. "ವಂದನೆ ಬೇಡ. ಹತ್ತು ಹೆಜ್ಜೆ ನಡೀರಿ ಸಾಕು" ಎಂದರು. ಆ ಮನೆಯ ಬಾಗಿಲಲ್ಲಿ ನನ್ನ ಕೈಯಿಂದ ಊರುಗೋಲು ತೆಗೆದುಕೊಂಡು, "ಕುಂಟಬೇಡಿ" ಎಂದು ಕಿವಿಯಲ್ಲಿ ಹೇಳಿದರು.

ನಡುಮನೆಯಲ್ಲಿ ಮಂಚ. ಮಂಚದ ಮೇಲೆ ಒಂದು ಹಿಡಿ ಮನುಷ್ಯ. ನಾನು ಹಲ್ಲು ಕಚ್ಚಿಕೊಂಡು ಗೋಡೆಯಿಂದ ಗೋಡೆಗೆ ನಡೆದೆ. ನೋಯುತ್ತಿತ್ತು, ಬಿದ್ದೇನೆಂಬ ಭಯ ಬೇರೆ.

"ಇನ್ನೊಂದ್ ಸಲ ನಡಿ ಮಗ" ಎಂದರು ಮುದುಕರು. ಇನ್ನೊಂದು ಸಲ ನಡೆದೆ. ಅವರು ಸಿಸ್ಟರ ಕಡೆ ತಿರುಗಿದರು. "ಒಂದ್ ಕಮ್ಮಿ ಇತ್ತು ಕನಮ್ಮ. ನಾನು ಮಾಡುಸ್ ಆಕ್ದೆ. ಇಲ್ದಿದ್ರೆ ಆಯ್ತಿರ್ನಿಲ್ಲ, ಅಲ್ವಾ?"

"ಇಲ್ಲದಿದ್ರೆ ಆಗ್ತಿರ್ಲಿಲ್ಲ ಯಜಮಾನ್ರೇ" ಎಂದರು ಸಿಸ್ಟರು.

ವಾಪಸು ಬಸ್ಸಿನಲ್ಲಿ ಅವರು, "ಸುಳ್ಳು ಹೇಳಿದ್ನಾ?" ಎಂದು ಕೇಳಿದರು. ನಾನು ಯೋಚಿಸಿದೆ. ಅವತ್ತು ಥಿಯೇಟರಿನಲ್ಲಿ ಬೇರೆ ಸ್ಕ್ರೂ ಇರಲಿಲ್ಲ. ತಾನು ಕರಗುತ್ತಲೇ ಅದೂ ಮಿಕ್ಕ ಏಳರ ಜೊತೆ ಮೂಳೆಯನ್ನು ಹಿಡಿದುಕೊಂಡಿತ್ತು. "ಇಲ್ಲ ಸಿಸ್ಟರ್" ಎಂದೆ. ನನ್ನ ಸಿಟ್ಟು ಹೋದದ್ದು ಆ ಬಸ್ಸಿನಲ್ಲಿ. ಅವರ ಅಳುಕು ಮಾತ್ರ ಹೋಗಲಿಲ್ಲ. ಇಳಿಯುವಾಗಲೂ ಬಗ್ಗಿ ನನ್ನ ಕಾಲನ್ನೊಮ್ಮೆ ಮುಟ್ಟಿ ನೋಡಿದರು.

ನಿವೃತ್ತರಾಗುವ ದಿನ ಆ ಸೀಸೆಯನ್ನು ನನ್ನ ಕೈಯಲ್ಲಿಟ್ಟು, "ನಿಮ್ಮದೇ, ಇಟ್ಕೊಳ್ಳಿ" ಎಂದರು. ಬದನವಾಳಿಗೆ, ತಂಗಿಯ ಮನೆಗೆ ಹೋಗಿ ಸೇರಿದರು. ಈಗ ಭಾನುವಾರದ ಬಸ್ಸು ಹತ್ತುವ ಸರದಿ ನನ್ನದಾಯಿತು. ಬಾಳೆಹಣ್ಣು ತೆಗೆದುಕೊಂಡು ಹೋಗುತ್ತಿದ್ದೆ. ಎರಡು ಸಾವಿರದ ನಂತರದ ಒಂದು ಮಳೆಗಾಲದಲ್ಲಿ ಅವರು ಬಚ್ಚಲಿನ ಬಳಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮೈಸೂರಿನ ಆಸ್ಪತ್ರೆಯಲ್ಲಿ, ಥಿಯೇಟರಿಗೆ ತಳ್ಳಿಕೊಂಡು ಹೋಗುವ ಗಾಲಿಮಂಚದ ಮೇಲೆ ನನ್ನ ಮಣಿಕಟ್ಟು ಹಿಡಿದರು. ಕೈ ತಣ್ಣಗಿತ್ತು. ಸಾವಿಗೆ ಹೆದರಿದ್ದಾರೆಂದುಕೊಂಡೆ. "ಸ್ಕ್ರೂ, ಪಟ್ಟಿ ಎಲ್ಲಾ ಒಂದೇ ಕಡೇವಾ ಕೇಳಿ" ಎಂದರು.

ಚಿಕ್ಕ ವಯಸ್ಸಿನ ಸಿಸ್ಟರನ್ನು ಕೇಳಿದೆ. ಅವಳು ನಕ್ಕು, "ಈಗೆಲ್ಲ ಸೀಲ್ ಪ್ಯಾಕೆಟ್ಟಲ್ಲೇ ಬರುತ್ತೆ ಆಂಟಿ, ಎಲ್ಲಕ್ಕೂ ನಂಬರ್ ಇರುತ್ತೆ" ಎಂದಳು. ನಾನು ಬಿಡಲಿಲ್ಲ. ಪ್ಯಾಕೆಟ್ಟುಗಳನ್ನು ತರಿಸಿ, ಒಂದೊಂದರ ಮೇಲಿನ ಗುರುತನ್ನೂ ಅವರಿಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, ಕೊನೆಯದಾದ ಮೇಲೆ ನನ್ನ ಮಣಿಕಟ್ಟು ಬಿಟ್ಟರು. ಕಾಲು ಕೂಡಿತು. ಎರಡು ವರ್ಷ ಕೋಲು ಹಿಡಿದು ಓಡಾಡಿದರು. ಆಮೇಲೆ ಒಂದು ಬೆಳಿಗ್ಗೆ ಎದೆ ನೋವೆಂದು ಕೂತವರು ಏಳಲಿಲ್ಲ.

ಬೂದಿಯನ್ನು ನರಸೀಪುರದ ಸಂಗಮಕ್ಕೆ ತಂದದ್ದು ಅವರ ತಂಗಿಯ ಮಗ, ಅಮ್ಮ ತನ್ನ ಲೆಕ್ಕದಲ್ಲಿ ನನಗೆ ಗಂಡು ಮಾಡಿಟ್ಟಿದ್ದ ಅದೇ ಕಂಡಕ್ಟರು. ತಲೆ ನರೆತಿತ್ತು. ಮೆಟ್ಟಿಲ ಮೇಲೆ ಕೂತು ಮಡಕೆಯ ಬಟ್ಟೆ ಬಿಚ್ಚಿದಾಗ, ಬೂದಿಯ ನಡುವೆ ಪಟ್ಟಿ ಕಂಡಿತು, ಸ್ಕ್ರೂಗಳ ಸಮೇತ. ಬೆಂಕಿಗೆ ನೀಲಿಗಟ್ಟಿತ್ತು.

"ಇದ್ನೂ ಬುಡದಾ ಅಕ್ಕ, ಬ್ಯಾಡ್ವಾ?" ಎಂದು ಅವರು ಕೇಳಿದರು.

ನಾನು ಅದನ್ನು ಮಡಿಲಿಗೆ ತೆಗೆದುಕೊಂಡೆ. ಬೂದಿಯನ್ನು ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದೆ. ಎಲ್ಲ ಸ್ಕ್ರೂಗಳಿಗೂ ಒಂದೇ ನೀಲಿ. ಸಡಿಲವಾಗಿದ್ದವನ್ನು ಬಿಡಿಸಿಕೊಂಡು, ಒಂದೊಂದರ ಸುತ್ತುಗಳ ಮೇಲೂ ಹೆಬ್ಬೆರಳಿನ ಉಗುರು ಎಳೆದೆ. ನನ್ನ ಉಗುರಿಗೆ ಆ ವಿದ್ಯೆ ಇಲ್ಲ. ಆದರೂ ಎಳೆದೆ, ಗಟ್ಟಿಯಾಗಿ ಎಣಿಸುತ್ತ. ಆರನೆಯದನ್ನು ಎರಡು ಸಲ ಎಳೆದೆ. ಸದ್ದು ಎಲ್ಲಿಯೂ ತಡವರಿಸಲಿಲ್ಲ.

ಆಮೇಲೆ ಎಲ್ಲವನ್ನೂ ಕಂಡಕ್ಟರ ಕೈಗೆ ಕೊಟ್ಟೆ. "ಬಿಡಿ" ಎಂದೆ. "ಸಿಹಿನೀರು."